ಕಂಡಷ್ಟೇ ಹೇಳುತ್ತಿದ್ದ ಮಾಮಾ

ಮಾಮಾನ ಎರಡೂ ಕಿವಿಗಳ ಹಿಂದೆ ಹುಣ್ಣಾಗಿತ್ತು. ಮಾಸ್ಕಿನ ದಾರ ದಿನವಿಡೀ ಒಂದೇ ಜಾಗದಲ್ಲಿ ಕೊರೆದು ಕೊರೆದು ಚರ್ಮ ಕಿತ್ತುಬಂದು ಹಸಿಹಸಿಯಾಗಿ ಕಾಣುತ್ತಿತ್ತು. ಮೊದಲೇ ಅವರ ಕಿವಿಗಳು ದೊಡ್ಡವು, ದಾರ ಎಳೆದಾಗ ಇನ್ನಷ್ಟು ಮುಂದಕ್ಕೆ ಬಾಗುತ್ತಿದ್ದವು. ಒಂದು ದಿನ ಹಳೆಯ ಯೂನಿಫಾರ್ಮಿನ ಬೆಲ್ಟು ಕತ್ತರಿಸಿ, ಎರಡೂ ತುದಿಗೆ ಒಂದೊಂದು ಗುಂಡಿ ಹೊಲಿದು, ತಲೆಯ ಹಿಂದೆ ಇಟ್ಟುಕೊಂಡು ದಾರವನ್ನು ಆ ಗುಂಡಿಗಳಿಗೆ ಸಿಕ್ಕಿಸಿಕೊಂಡು ಬಂದರು. ಮರುದಿನ ವಾರ್ಡಿನ ಎಲ್ಲ ಸಿಸ್ಟರುಗಳಿಗೂ ಅಂಥ ಒಂದೊಂದು ಪಟ್ಟಿ ತಂದುಕೊಟ್ಟರು. ನನ್ನದಕ್ಕೆ ಒಂದು ಗುಂಡಿ ನೀಲಿ, ಒಂದು ಬಿಳಿ. ಜೋಡಿ ಸಿಗಲಿಲ್ಲವೇ ಎಂದು ಕೇಳಿದ್ದಕ್ಕೆ, ಅಂಗಡಿಗಳೆಲ್ಲ ಬಂದ್ ಇವೆ, ಒಂದು ಮಗಳ ಹಳೆ ಫ್ರಾಕಿನದು, ಇನ್ನೊಂದು ನನ್ನ ಅಂಗಿಯದು, ತಲೆಯ ಹಿಂದೆ ಯಾರು ನೋಡುತ್ತಾರೆ ಎಂದು ನಕ್ಕರು.

ಮುಂಬಯಿಯ ಆಸ್ಪತ್ರೆಗಳಲ್ಲಿ ವಾರ್ಡಿನ ಕೆಲಸದವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗಂಡಸಾದರೆ ಮಾಮಾ, ಹೆಂಗಸಾದರೆ ಮಾವಶಿ. ರೋಗಿಗಳು ಕರೆಯುವುದೂ ಹಾಗೆಯೇ, ದೊಡ್ಡ ಡಾಕ್ಟರು ಕರೆಯುವುದೂ ಹಾಗೆಯೇ. ಸ್ಟ್ರೆಚರ್ ತಳ್ಳುವುದು, ಸಿಲಿಂಡರ್ ಉರುಳಿಸಿ ತರುವುದು, ಬೆಡ್‌ಪ್ಯಾನ್ ತೆಗೆಯುವುದು, ಹೆಣ ಕಟ್ಟುವುದು ಎಲ್ಲ ಅವರ ಪಾಲಿನ ಕೆಲಸ. ಸಂಬಂಧದ ಹೆಸರೊಂದು ಕೊಟ್ಟುಬಿಟ್ಟರೆ ಹೊಲಸು ಕೆಲಸ ಹೇಳಲು ನಮಗೆ ಸಲೀಸು, ಅಷ್ಟೇ ಎಂದು ಈಗ ನನಗೆ ಅನಿಸುತ್ತದೆ.

ನಮ್ಮ ವಾರ್ಡಿನ ಮಾಮಾ ಇಂಡಿ ಕಡೆಯವರು. ಮನೆಯಲ್ಲಿ ದಖ್ಖನಿ, ಓಣಿಯಲ್ಲಿ ಕನ್ನಡ ಮಾತಾಡಿ ಬೆಳೆದವರು. ಎಳೆಯ ವಯಸ್ಸಿನಲ್ಲೇ ಕುರ್ಲಾಕ್ಕೆ ಬಂದು ಟೇಲರ್ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದರಂತೆ. ಆಮೇಲೆ ಈ ಆಸ್ಪತ್ರೆಯ ಕೆಲಸ ಸಿಕ್ಕಿ ಕಾಯಂ ಆಯಿತು. ನಾನು ಅವರನ್ನು ಕಂಡಾಗ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ ಇತ್ತು.

ನಾನು ಕೋವಿಡ್ ಡ್ಯೂಟಿಗೆಂದೇ ಆರು ತಿಂಗಳ ಕಾಂಟ್ರಾಕ್ಟಿನ ಮೇಲೆ ಸೇರಿಕೊಂಡ ನರ್ಸು. ಮೂಲ ಉಡುಪಿಯ ಕಡೆ, ಹುಟ್ಟಿ ಬೆಳೆದದ್ದು ಜೋಗೇಶ್ವರಿಯ ಚಾಳಿನಲ್ಲಿ. ಅಪ್ಪ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತವರು. ಲಾಕ್‌ಡೌನಿನಲ್ಲಿ ಹೋಟೆಲು ಮುಚ್ಚಿತು, ಮಾಲೀಕರು ಊರಿಗೆ ಹೋದರು, ಅಪ್ಪ ಮನೆಯಲ್ಲಿ ಕೂತು ಗೋಡೆ ನೋಡತೊಡಗಿದರು. ದುಡಿಯುವವಳು ನಾನೊಬ್ಬಳೇ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲವೆಂದು ಹೇಳುತ್ತಿದ್ದೇನೆ.

ಸೇರಿದ ಎರಡನೆಯ ದಿನ ಒಬ್ಬ ಮುದುಕರಿಗೆ ಸಲೈನ್ ಹಾಕಲು ಕೂತಿದ್ದೆ. ಎರಡು ಜೊತೆ ಗ್ಲೌಸು, ಮಂಜು ಹಿಡಿದ ಕನ್ನಡಕ. ಕೈಯಲ್ಲಿ ನರವೇ ಸಿಗುತ್ತಿಲ್ಲ. ಎಲ್ಲಿ ಹೋಯಿತಪ್ಪ ಇದು ಎಂದು ಗೊಣಗಿಕೊಂಡೆ. ಪಕ್ಕದ ಮಂಚದ ಚಾದರ ಬದಲಿಸುತ್ತಿದ್ದ ಬಿಳಿ ಪಿಪಿಇ ಕಿಟ್ಟಿನೊಳಗಿಂದ ಮಾತು ಬಂತು: “ಕನ್ನಡದಾಗ ಕರದ್ರ ಬರ್ತೈತೇನ್ರಿ ಸಿಸ್ಟರ್ ಅದು?”

ಅವತ್ತಿನಿಂದ ನಾಲ್ಕು ಜನರ ಮುಂದೆ ನಾನು ಸಿಸ್ಟರ್, ಇಬ್ಬರೇ ಇದ್ದಾಗ ತಂಗಿ. ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ನನ್ನ ಕನ್ನಡ ಕೇಳಿ ಅವರಿಗೆ ಒಳ್ಳೆ ಮಜಾ. ರೇಡಿಯೋದ ವಾರ್ತೆ ಕೇಳಿದ ಹಾಗಾಗುತ್ತದೆ ಎನ್ನುತ್ತಿದ್ದರು. ನಾನು “ಉಂಟು” ಎಂದರೆ ಸಾಕು, “ಉಂಟಂತ” ಎಂದು ಆಕ್ಸಿಜನ್ ಸಿಲಿಂಡರಿಗೆ ಹೇಳಿ ಮುಂದೆ ಹೋಗುತ್ತಿದ್ದರು.

ಆ ದಿನಗಳನ್ನು ನಾವು ಹೇಗೆ ಕಳೆದೆವು ಎಂದು ಈಗಲೂ ಕೆಲವರು ಕೇಳುತ್ತಾರೆ. ಧೈರ್ಯ, ತ್ಯಾಗ ಎಂದೆಲ್ಲ ಕೇಳುವ ಆಸೆ ಅವರಿಗೆ. ನಮ್ಮ ಗೌರವಕ್ಕೆಂದು ತಟ್ಟೆ ಬಡಿದ ಚಾಳಿನವರೇ ಮರುವಾರ ನಾನು ನೀರಿಗೆ ಹೋದರೆ ನಲ್ಲಿ ಬಿಟ್ಟು ದೂರ ಸರಿಯುತ್ತಿದ್ದರು. ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಡ್ಯೂಟಿ ಮುಗಿದ ಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು, ಅಳು ಕೇಳದಿರಲೆಂದು. ಒಬ್ಬ ಎಳೆಯ ಡಾಕ್ಟರು ಕಿಟ್ಟು ಬಿಚ್ಚಿದವನೇ ಮೆಟ್ಟಿಲ ಮೇಲೆ ಕೂತು ಯಾರೋ ಕೊಟ್ಟ ಬಿಸ್ಕೀಟಿನ ಪೊಟ್ಟಣ ಪೂರ್ತಿ ತಿನ್ನುತ್ತಿದ್ದ. ನಾನು ಮಾತು ಬಿಟ್ಟೆ. ಮನೆಗೆ ಹೋದರೆ ಅಮ್ಮ ಕೇಳಿದ್ದಕ್ಕೆಲ್ಲ ಹೂಂ, ಉಹೂಂ. ನಮ್ಮೆಲ್ಲರಲ್ಲಿ ನೆಟ್ಟಗಿದ್ದವರು ಮಾಮಾ ಒಬ್ಬರೇ, ಅದಕ್ಕೆ ಕಾರಣ ಗೇಟು.

ಒಳಗೆ ಯಾರನ್ನೂ ಬಿಡುತ್ತಿರಲಿಲ್ಲವಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ರೋಗಿಗಳ ಮನೆಯವರು ಗೇಟಿನ ಹೊರಗೆ ಡಬ್ಬಿ ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಡಬ್ಬಿಗೆ ಗಾಯದ ಪ್ಲಾಸ್ಟರಿನ ತುಂಡು ಅಂಟಿಸಿ ಅದರ ಮೇಲೆ ಬೆಡ್ ನಂಬರು ಬರೆಯುವುದು. ನಮ್ಮಲ್ಲಿ ಎಲ್ಲವೂ ನಂಬರೇ: ಏಳಕ್ಕೆ ಇಂಜೆಕ್ಷನ್, ಇಪ್ಪತ್ತೊಂದಕ್ಕೆ ಆಕ್ಸಿಜನ್, ಒಂಬತ್ತು ಹೋಯಿತು. ಮಾಮಾ ಡಬ್ಬಿಗಳನ್ನು ಟ್ರಾಲಿಯಲ್ಲಿ ಮೇಲೆ ತಂದು ಹಂಚುತ್ತಿದ್ದರು. ಕೈ ಎತ್ತಲಾಗದವರಿಗೆ ಚಮಚದಿಂದ ತಿನ್ನಿಸುತ್ತಿದ್ದರು. ಮೂರು ಗಂಟೆಗೆ ಡ್ಯೂಟಿ ಮುಗಿದು, ಸ್ನಾನ ಮಾಡಿ, ಖಾಲಿ ಡಬ್ಬಿಗಳೊಂದಿಗೆ ಗೇಟಿಗೆ ಹೋಗಿ ಒಬ್ಬೊಬ್ಬರಿಗೂ ವರದಿ ಒಪ್ಪಿಸುತ್ತಿದ್ದರು. ಅದು ಅವರ ಕೆಲಸವಲ್ಲ, ಯಾರೂ ಹೇಳಿರಲಿಲ್ಲ. ಅದಕ್ಕೊಂದು ನಿಯಮ ಅವರೇ ಮಾಡಿಕೊಂಡಿದ್ದರು. ಚೆನ್ನಾಗಿದ್ದಾರೆ ಎಂದಾಗಲಿ, ಹುಷಾರಾಗುತ್ತಾರೆ ಎಂದಾಗಲಿ ಹೇಳುತ್ತಿರಲಿಲ್ಲ. ಇಡ್ಲಿ ಒಂದು ತಿಂದರು, ಚಟ್ನಿ ಮುಟ್ಟಲಿಲ್ಲ. ಕಿಟಕಿ ಮುಚ್ಚಿ ಎಂದರು. ಮಗನ ಪರೀಕ್ಷೆ ಏನಾಯಿತು ಎಂದು ಕೇಳಿದರು. ಅಷ್ಟೇ. ಆ ಅಷ್ಟನ್ನೇ ಕಟ್ಟಿಕೊಂಡು ಜನ ಕುರ್ಲಾ, ಘಾಟ್‌ಕೋಪರ್‌ವರೆಗೆ ನಡೆದು ಹೋಗುತ್ತಿದ್ದರು.

ಎರಡು ಸುಳ್ಳು ಸೇರಿಸಿ ಸಮಾಧಾನ ಹೇಳಿದರೆ ಏನು ಹೋಗುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. “ನಾ ಕಂಡಷ್ಟ ಹೇಳಾವ ತಂಗಿ. ಕಾಣದ್ದು ಹೇಳಾಕ ಹತ್ತಿದ್ರ ರಾತ್ರಿ ನನಗ ನಿದ್ದಿ ಬರಂಗಿಲ್ಲ,” ಎಂದಿದ್ದರು.

ಇನ್ನು ನಮ್ಮ ರಿಜಿಸ್ಟರಿನ ವಿಷಯ ಹೇಳಬೇಕು. ಕಿಟ್ಟು ತೊಟ್ಟು ಒಳಗೆ ಹೋದರೆ ಆರು ತಾಸು ನೀರಿಲ್ಲ, ಫೋನಿಲ್ಲ, ಪೆನ್ನಿಲ್ಲ. ರಿಜಿಸ್ಟರು ಹೊರಗಿನ ಕೋಣೆಯಲ್ಲಿರುತ್ತಿತ್ತು, ಒಳಗಿನ ಕೈ ಅದನ್ನು ಮುಟ್ಟುವಂತಿರಲಿಲ್ಲ. ಹೊರಗೆ ಬಂದ ಮೇಲೆ ಬರೆಯಲು ಕೂತರೆ ಬಸ್ಸು ತಪ್ಪುತ್ತದೆ. ಲೋಕಲ್ ರೈಲು ಬಂದ್ ಆಗಿ ನಮಗೆ ಬಿಟ್ಟಿದ್ದ ಬಸ್ಸು ಅದೊಂದೇ. ಹಾಗಾಗಿ ನಾವೆಲ್ಲ ಒಂದು ರೂಢಿ ಮಾಡಿಕೊಂಡಿದ್ದೆವು. ಒಳಗೆ ಹೋಗುವ ಮೊದಲೇ ಆ ದಿನ ಮಾಡಬೇಕಾದ್ದಕ್ಕೆಲ್ಲ ಟಿಕ್ ಹಾಕಿ ಸಹಿ ಮಾಡುವುದು, ಆಮೇಲೆ ಮಾಡುವುದು. ನರ್ಸುಗಳ ಮೇಲಿನ ಮೇಟ್ರನ್‌ಗೂ ಅದು ಗೊತ್ತಿತ್ತು, ಕಂಡೂ ಕಾಣದಂತಿದ್ದರು.

ಮಳೆ ಶುರುವಾದ ವಾರ. ಒಂದು ಬೆಳಗಿನ ಜಾವ ಹದಿನಾಲ್ಕನೆಯ ಬೆಡ್ಡಿನ ರೋಗಿ ತೀರಿಕೊಂಡ. ನಲವತ್ತೈದರ ಆಸುಪಾಸಿನ ಮನುಷ್ಯ, ಐದು ದಿನದಿಂದ ಅನ್ನ ಬಿಟ್ಟಿದ್ದ. ರಾತ್ರಿ ಪಾಳಿಯ ಸಿಸ್ಟರ್ ನನಗೆ ಚಾರ್ಜು ಕೊಡುತ್ತ, ಹೆಣ ಕೆಳಗೆ ಹೋಗಿದೆ, ಮನೆಯವರಿಗೆ ತಿಳಿಸುವುದೊಂದು ಬಾಕಿ ಎಂದಳು. ನಾನು ಅವನ ಹೆಂಡತಿಯ ನಂಬರಿಗೆ ಎರಡು ಸಲ ಫೋನ್ ಹಚ್ಚಿದೆ. ಎತ್ತಲಿಲ್ಲ. ಒಳಗಿಂದ ಕರೆ ಬಂತು, ಯಾರದ್ದೋ ಆಕ್ಸಿಜನ್ ಇಳಿಯುತ್ತಿದೆ ಎಂದು. ‘ಸಂಬಂಧಿಕರಿಗೆ ತಿಳಿಸಲಾಗಿದೆ’ ಎಂಬ ಸಾಲಿನ ಮುಂದೆ ಟಿಕ್ ಹಾಕಿ, ಸಹಿ ಮಾಡಿ, ಕಿಟ್ಟು ತೊಟ್ಟು ಒಳಗೆ ಹೋದೆ. ಹೊರಗೆ ಬಂದ ಮೇಲೆ ಫೋನ್ ಮಾಡೋಣವೆಂದುಕೊಂಡೆ. ಹೊರಗೆ ಬಂದಾಗ ತಲೆ ಸುತ್ತಿ ಗೋಡೆ ಹಿಡಿದು ನಿಂತಿದ್ದಷ್ಟೇ ನೆನಪು. ಮರುದಿನ ರಿಜಿಸ್ಟರಿನಲ್ಲಿ ನನ್ನದೇ ಟಿಕ್ ನೋಡಿ, ಫೋನ್ ಮಾಡಿದ್ದೇನೆ ಎಂದು ನಾನೇ ನಂಬಿದೆ.

ಒಂದು ತಾಸಿನೊಳಗೆ ಆ ಬೆಡ್ಡಿಗೆ ಹೊಸಬ ಬಂದಿದ್ದ. ಏಳು ದಿನದ ರಜೆ ಮುಗಿಸಿ ಮಾಮಾ ಡ್ಯೂಟಿಗೆ ಬಂದದ್ದೂ ಅವತ್ತೇ. ಹಳೆಯ ಹದಿನಾಲ್ಕನ್ನು ಅವರು ನೋಡಿರಲೇ ಇಲ್ಲ. ಹನ್ನೊಂದಕ್ಕೆ ಗೇಟಿನಲ್ಲಿ ಒಬ್ಬ ಹೆಂಗಸು ಹದಿನಾಲ್ಕು ಎಂದು ಬರೆದ ಡಬ್ಬಿ ಕೊಟ್ಟಳು, ಅವರು ತಂದು ಹದಿನಾಲ್ಕಕ್ಕೆ ಕೊಟ್ಟರು. ಹಸಿದಿದ್ದ ಆ ಮನುಷ್ಯ ಆಸ್ಪತ್ರೆಯ ಊಟವೆಂದುಕೊಂಡು ಉಂಡ. ಮೂರು ಗಂಟೆಗೆ ಮಾಮಾ ಕಂಡಷ್ಟನ್ನು ಹೇಳಿದರು: ಎರಡು ಚಪಾತಿ ತಿಂದರು, ಬಟಾಟೆ ಪಲ್ಯ ಪೂರ್ತಿ ತಿಂದರು. ಐದು ದಿನದಿಂದ ಡಬ್ಬಿ ತುಂಬಿದ ಹಾಗೆಯೇ ವಾಪಸ್ಸು ಬಂದದ್ದನ್ನು ಕಂಡಿದ್ದ ಆ ಹೆಂಗಸು ಗೇಟಿನ ಸರಳು ಹಿಡಿದು ಅತ್ತಳಂತೆ. ಮರುದಿನ ಬೆಳಿಗ್ಗೆ ಮಾಮಾ ನನಗೆ ಇದನ್ನು ಹೇಳಿದಾಗ ಯಾವ ಬೆಡ್ಡು ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ಒಬ್ಬ ಹೆಣ್ಣುಮಗಳನ್ನು ನಿನ್ನೆ ಖುಷಿಯಿಂದ ಮನೆಗೆ ಕಳಿಸಿದೆ ಎಂದಷ್ಟೇ ಹೇಳಿ ಚಹಾ ಕುಡಿದರು.

ಎರಡನೆಯ ದಿನ ಅವಳು ಎರಡು ಡಬ್ಬಿ ತಂದಳು. ಅವತ್ತೇ ಶವಾಗಾರ ತುಂಬಿ, ತಿಳಿಸಿದರೂ ಬಾರದವರ ಹೆಣಗಳೆಂದು ಐದನ್ನು ಮುನ್ಸಿಪಾಲಿಟಿಯ ಗಾಡಿಯಲ್ಲಿ ಸ್ಮಶಾನಕ್ಕೆ ಕಳಿಸಿದರು. ಹೆದರಿ ಬಾರದವರು ಆಗ ಬೇಕಾದಷ್ಟು ಜನ ಇದ್ದರು, ಯಾರಿಗೂ ಸಂಶಯ ಬರಲಿಲ್ಲ. ಆ ಐದರಲ್ಲಿ ಅವಳ ಗಂಡನೂ ಇದ್ದ.

ಮೂರನೆಯ ದಿನ ಡಬ್ಬಿಯ ಜೊತೆಗೆ ಒಂದು ಚೀಟಿ ಬಂತು. ಮಾಮಾ ಹದಿನಾಲ್ಕರ ಪಕ್ಕ ನಿಂತು ಹಿಂದಿಯಲ್ಲಿದ್ದ ಆ ಚೀಟಿಯನ್ನು ಗಟ್ಟಿಯಾಗಿ ಓದಿದರು. ಶೀರಾ ಮಾಡಿದ್ದೇನೆ, ತುಪ್ಪ ಕಡಿಮೆ ಹಾಕಿದ್ದೇನೆ, ಚಿಕ್ಕವಳು ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳುತ್ತಾಳೆ. ಆ ಮನುಷ್ಯ ಆಕ್ಸಿಜನ್ ಮಾಸ್ಕು ಪಕ್ಕಕ್ಕೆ ಸರಿಸಿ, ಇದು ನನಗಲ್ಲ, ನನಗೆ ಮದುವೆಯೇ ಆಗಿಲ್ಲ ಎಂದ.

ಮಾಮಾ ನನ್ನ ಹತ್ತಿರ ಬಂದರು. ಕಿಟ್ಟಿನೊಳಗೆ ಮುಖ ಕಾಣುತ್ತಿರಲಿಲ್ಲ.

“ಮೊದಲಿನ ಹದಿನಾಲ್ಕು ಎಲ್ಲಿ ಅದಾರ ತಂಗಿ?”

“ತೀರಿಕೊಂಡರು ಮಾಮಾ, ಮೊನ್ನೆ.”

“ಮನಿಯವರಿಗೆ ಹೇಳಿದ್ದಿಲ್ಲೇನು?”

ಹೇಳಿದ್ದೇನೆ ಎನ್ನಲು ಬಾಯಿ ತೆರೆದೆ. ಆಗ ನೆನಪಾಯಿತು. ಎತ್ತದ ಆ ಫೋನಿನ ರಿಂಗು ಕಿವಿಯಲ್ಲಿ ಕೇಳಿದಂತಾಗಿ ಮಂಚದ ಅಂಚಿಗೆ ಕೂತೆ. ಮಾಮಾ ಪಾಳಿಯ ಅರ್ಧದಲ್ಲೇ ಕಿಟ್ಟು ಬಿಚ್ಚಿ ಕೆಳಗೆ ಇಳಿದರು. ದಿನಾ ಮೂರು ಗಂಟೆಯವರೆಗೆ ಅವಳು ಗೇಟಿನ ಎದುರಿನ ಫುಟ್‌ಪಾತಿನಲ್ಲೇ ಕಾಯುತ್ತಿದ್ದಳು. ಹೇಳಿದವರು ಅವರೇ. ಅವಳು ಏನಂದಳು, ಇವರು ಏನು ಹೇಳಿದರು ಎಂದು ನನಗೆ ಗೊತ್ತಿಲ್ಲ. ಎರಡನೆಯ ಮಹಡಿಯ ತನಕ ಕೇಳಿದ್ದು ಅವಳ ದನಿ ಮಾತ್ರ.

ಸಂಜೆಯೊಳಗೆ ಅವಳ ಅಣ್ಣತಮ್ಮಂದಿರು ಬಂದರು, ಗಲಾಟೆಯಾಯಿತು, ಪೊಲೀಸರು ಬಂದರು. ಎರಡು ಸಲದ ಫೋನು, ಟಿಕ್ಕು ಎಲ್ಲವನ್ನೂ ಅವತ್ತೇ ನಾನು ಮಾಮಾನಿಗೆ ಹೇಳಿದೆ. ಮರುದಿನ ಮೇಟ್ರನ್ ಕೋಣೆಯಲ್ಲಿ ನಮ್ಮಿಬ್ಬರ ವಿಚಾರಣೆ. ಮೇಜಿನ ಮೇಲೆ ರಿಜಿಸ್ಟರು, ಅದರಲ್ಲಿ ನನ್ನ ಟಿಕ್, ನನ್ನ ಸಹಿ. ಆಡಳಿತದ ಡಾಕ್ಟರು ನನ್ನ ಕಡೆ ನೋಡಿ, ತಿಳಿಸಿದ್ದರೆ ಆಕೆಗೆ ಹೇಗೆ ಗೊತ್ತಿಲ್ಲ ಎಂದು ಕೇಳಿದರು. ಕೆಲಸ ಹೋಯಿತು, ಬರಿಯ ಕೆಲಸವಲ್ಲ, ಪೊಲೀಸು ಕೇಸೇ ಆಗುತ್ತದೆ ಎಂದು ನನಗೆ ಖಾತ್ರಿಯಾಯಿತು. ಗೋಡೆ ನೋಡುತ್ತ ಕೂತ ಅಪ್ಪ ಕಣ್ಣ ಮುಂದೆ ಬಂದರು.

ನಾನು ಬಾಯಿ ತೆರೆಯುವ ಮೊದಲು ಮಾಮಾ ಮರಾಠಿಯಲ್ಲಿ ಶಾಂತವಾಗಿ ಹೇಳಿದರು: ಸಿಸ್ಟರ್ ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ. ಗೇಟಿಗೆ ಬಂದಾಗ ನೀನೇ ತಿಳಿಸು ಎಂದು ನನಗೆ ಹೇಳಿ ಟಿಕ್ ಹಾಕಿದರು. ನಾನು ಮರೆತೆ.

ಕಾಣದ್ದನ್ನು ಎಂದೂ ಹೇಳದ ಮನುಷ್ಯ, ಇಲ್ಲದ ಮಾತೊಂದನ್ನು ಸಾಹೇಬರ ಮುಂದೆ ನಿಂತು ಹೇಳಿದರು. ಹೌದೇ ಎಂದು ಮೇಟ್ರನ್ ನನ್ನನ್ನು ಕೇಳಿದರು. ನಾನು ಹೌದೆಂದು ತಲೆ ಆಡಿಸಿದೆ. ಆ ಹೊತ್ತಿನಲ್ಲಿ ನನಗಾದದ್ದು ನಾಚಿಕೆಯಲ್ಲ, ನಿರಾಳ. ಅದನ್ನೂ ಇಲ್ಲಿ ಬರೆದುಬಿಡುತ್ತೇನೆ.

ಹೊರಗೆ ಬಂದ ಮೇಲೆ, ಯಾಕೆ ಹಾಗೆ ಹೇಳಿದಿರಿ ಮಾಮಾ ಎಂದು ಕೇಳಿದೆ. “ನಂದು ಕಾಯಂ ನೌಕರಿ, ಬೈದು ಬಿಡ್ತಾರ. ನಿನಗ ಹೊರಗ ಹಾಕ್ತಾರ. ಒಳಗ ಸೂಜಿ ಹಾಕೂ ಕೈ ಬೇಕಲ್ಲ,” ಎಂದರು. ಮತ್ತೆ ಹೇಳಿದರು: “ಆಮ್ಯಾಲೆ, ಚಪಾತಿ ತಿಂದ್ರು ಅಂತ ಆಕಿಗೆ ಹೇಳಿದಾವ ನಾನ. ನೀ ಅಲ್ಲ.”

ಬೈದು ಬಿಡಲಿಲ್ಲ. ಗೇಟಿನ ಹತ್ತಿರ ಹೋಗಕೂಡದೆಂದು ಆರ್ಡರು ಬಂತು, ವಾರ್ಡಿನಿಂದ ತೆಗೆದು ಶವಾಗಾರದ ಡ್ಯೂಟಿಗೆ ಹಾಕಿದರು. ಹೆಣವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನಂಬರು ಅಂಟಿಸಿ, ಗಾಡಿಗೆ ಏರಿಸುವ ಕೆಲಸ. ದಿನವಿಡೀ ಅದೇ. ನಮ್ಮ ಗೇಟಿಗೆ ಆಮೇಲೆ ವರದಿ ಹೇಳುವವರು ಯಾರೂ ಇರಲಿಲ್ಲ. ಡಬ್ಬಿಗಳು ಒಳಗೆ ಬರುತ್ತಿದ್ದವು, ಖಾಲಿಯಾಗಿಯೋ ತುಂಬಿಯೋ ಹೊರಗೆ ಹೋಗುತ್ತಿದ್ದವು. ಜನ ಮುಚ್ಚಳ ತೆಗೆದು ನೋಡಿ ತಾವೇ ಅರ್ಥ ಮಾಡಿಕೊಳ್ಳುತ್ತಿದ್ದರು.

ಶವಾಗಾರದ ಮಾಮಾನನ್ನು ನಾನು ಎರಡೇ ಸಲ ಕಂಡದ್ದು. ಮೊದಲ ಸಲ ಚಹಾ ಒಯ್ದಿದ್ದೆ. ಪಂಪು ಕೋಣೆಯ ಕಟ್ಟೆಯ ಮೇಲೆ ಕೂತಿದ್ದವರು ಬೇಡವೆಂದು ಕೈ ಆಡಿಸಿದರು, ಮಾಸ್ಕು ತೆಗೆಯಲಿಲ್ಲ. ಎರಡನೆಯ ಸಲ ಅವರೇ ಮಾತಾಡಿದರು. “ಇವತ್ತ ಯಾರ‍್ಯಾರು ಏನೇನು ತಿಂದ್ರು?” ಎಂದು ಕೇಳಿದರು. ನಾನು ನೋಡಿರಲಿಲ್ಲ. ಎಂಟನೆಯ ಬೆಡ್ಡಿನವರು ಉಪ್ಪಿಟ್ಟು ತಿಂದರು, ಹನ್ನೆರಡನೆಯವರು ಗಂಜಿ ಕುಡಿದರು ಎಂದು ಬಾಯಿಗೆ ಬಂದದ್ದು ಹೇಳಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಸುಳ್ಳೆಂದು ಅವರಿಗೆ ಗೊತ್ತಾಯಿತು. ಆಯಿತು ಹೋಗು, ಬಸ್ಸು ತಪ್ಪುತ್ತದೆ ಎಂದರು.

ಹತ್ತು ದಿನಕ್ಕೆ ಅವರಿಗೆ ಜ್ವರ ಬಂತು. ನಮ್ಮಲ್ಲಿ ಬೆಡ್ಡು ಖಾಲಿ ಇರಲಿಲ್ಲ. ಇಪ್ಪತ್ತೆರಡು ವರ್ಷ ದುಡಿದ ಆಸ್ಪತ್ರೆಯಲ್ಲಿ ಒಂದು ಮಂಚ ಸಿಗದೆ, ದೂರದ ಮೈದಾನದಲ್ಲಿ ತಗಡಿನ ಶೆಡ್ಡು ಹಾಕಿ ಮಾಡಿದ್ದ ಸೆಂಟರಿಗೆ ಹೋದರು. ಆರನೆಯ ದಿನ ತೀರಿಕೊಂಡರು. ಅವರ ಹೆಂಡತಿ ದಿನಾ ಆ ಸೆಂಟರಿನ ಬಾಗಿಲಲ್ಲಿ ಗಂಜಿಯ ಡಬ್ಬಿ ಕೊಟ್ಟು ಬರುತ್ತಿದ್ದರಂತೆ. ಅವರು ಅದನ್ನು ಉಂಡರೋ ಇಲ್ಲವೋ, ಏನಾದರೂ ಕೇಳಿದರೋ, ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ.

ಕಾಂಟ್ರಾಕ್ಟು ಮುಗಿದ ದಿನ ಮೇಟ್ರನ್‌ಗೆ ನಿಜ ಹೇಳಿಯೇ ಹೊರಡುತ್ತೇನೆ ಎಂದು ಆಗ ನಿಶ್ಚಯಿಸಿದ್ದೆ. ಕಾಂಟ್ರಾಕ್ಟು ಮುಂದುವರಿಯಿತು. ಮತ್ತೆ ಮುಂದುವರಿಯಿತು. ಆ ಮೇಟ್ರನ್ ನಿವೃತ್ತರಾದರು. ಅಪ್ಪನ ಹೋಟೆಲು ತೆರೆಯಿತು. ಈಗ ಹೇಳಿದರೆ ಯಾರಿಗೂ ಏನೂ ಆಗುವುದಿಲ್ಲ, ಹೇಳದಿರಲು ಅದೂ ಒಂದು ನೆಪವಾಗಿದೆ.

ಮಾಮಾ ಹೋದ ಹದಿನೈದು ದಿನಕ್ಕೆ ಅವರ ಹೆಂಡತಿ ಆಸ್ಪತ್ರೆಗೆ ಬಂದಿದ್ದರು. ಲಾಕರಿನಲ್ಲಿದ್ದ ಬಟ್ಟೆ, ಚಪ್ಪಲಿ ಒಯ್ಯಲು. ಕನ್ನಡದ ಸಿಸ್ಟರ್ ಯಾರು ಎಂದು ವಿಚಾರಿಸಿಕೊಂಡು ನನ್ನ ಹತ್ತಿರ ಬಂದರು. ಕಪ್ಪು ಬುರ್ಖಾ, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ನಾನು ಎದ್ದು ನಿಂತೆ. ಅವರಿಗೆ ಎಲ್ಲ ಗೊತ್ತಿದೆ, ಬೈಯಲು ಬಂದಿದ್ದಾರೆ ಎಂದುಕೊಂಡೆ. ಬೈದರೆ ಕಾಲಿಗೆ ಬೀಳೋಣವೆಂದೂ ಅಂದುಕೊಂಡೆ.

“ಅವರು ಮರತದ್ದಕ್ಕ ನಿಮಗ ಸಾಹೇಬರ ಮುಂದ ನಿಂದ್ರೂ ಹಂಗಾತಂತ. ಮನ್ಯಾಗ ಹೇಳಿದ್ರು,” ಎಂದರು.

ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮಾಮಾ ಆ ಸುಳ್ಳನ್ನು ಮನೆಯಲ್ಲೂ ಹೇಳಿದ್ದರು. ಹೆಂಡತಿಗೂ ನಿಜ ಹೇಳದೆ ಹೋಗಿದ್ದರು.

ಅವರ ಹೆಂಡತಿ ಕೂತುಕೊಂಡು ನಿಧಾನವಾಗಿ ಹೇಳಿದರು. ಸತ್ತವರು ಯಾರಿಗಾದರೂ ನೋವು ಮಾಡಿದ್ದರೆ ಅವರ ಪರವಾಗಿ ಮನೆಯವರು ಹೋಗಿ ಮಾಫಿ ಕೇಳಬೇಕಂತೆ, ಇಲ್ಲದಿದ್ದರೆ ಅದು ಸತ್ತವರ ಮೇಲೆ ಭಾರವಾಗಿ ಉಳಿಯುತ್ತದಂತೆ. ಇನ್ನೊಬ್ಬ ಮಾಮಾನ ಹತ್ತಿರ ವಿಳಾಸ ಕೇಳಿಕೊಂಡು, ಡಬ್ಬಿ ತರುತ್ತಿದ್ದ ಆ ಹೆಣ್ಣುಮಗಳ ಮನೆಗೂ ಹೋಗಿದ್ದರಂತೆ. ಅವಳು ಮುಖ ನೋಡಿ ಬಾಗಿಲು ಹಾಕಿಕೊಂಡಳಂತೆ. ಎರಡು ತಾಸು ಮೆಟ್ಟಿಲ ಮೇಲೆ ಕೂತು ವಾಪಸ್ಸು ಬಂದರಂತೆ. ತಪ್ಪು ಅವಳದಲ್ಲ, ಅವಳ ಹೊಟ್ಟೆಯ ಬೆಂಕಿ ನನಗೆ ಗೊತ್ತಾಗುತ್ತದೆ ಎಂದರು.

“ನೀವರೆ ಮಾಫ್ ಮಾಡ್ರಿ ತಂಗಿ.”

“ಅಯ್ಯೋ, ಇರಲಿ ಬಿಡಿ,” ಎಂದೆ.

“ಇರಲಿ ಅಂದ್ರ ಆಗಂಗಿಲ್ಲ. ಬಾಯಿ ಬಿಟ್ಟು ಹೇಳ್ರಿ. ಮಾಫ್ ಮಾಡೀನಿ ಅಂತ.”

ಅವರ ಕಣ್ಣು ನನ್ನ ಬಾಯಿಯನ್ನೇ ಕಾಯುತ್ತಿತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನ್ನ ಜನ್ಮದಲ್ಲಿ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

“ಮಾಫ್ ಮಾಡಿದ್ದೇನೆ,” ಎಂದೆ.

ಅವರು ನನ್ನ ಕೈಯನ್ನು ಎಳೆದು ಕಣ್ಣಿಗೊತ್ತಿಕೊಂಡರು. ಚೀಲ ಎತ್ತಿಕೊಂಡು, ನಿಮಗೆ ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ, ಮೆಟ್ಟಿಲಿಳಿದು ಹೋದರು.